ಕೆಂಪು ಮುಚ್ಚಳದ ಔಷಧಿ

ಅಜ್ಜಂಪುರದ ಹೋಮಿಯೋಪಥಿ ಡಾಕ್ಟರು ರಾಜಶೇಖರ್ ಅವರಿಗೆ ಊರಲ್ಲಿ ಮರ್ಯಾದೆಗೇನೂ ಕಡಿಮೆಯಿರಲಿಲ್ಲ. ಬಸ್‌ಸ್ಟ್ಯಾಂಡಿನಿಂದ ಕ್ಲಿನಿಕ್ಕಿಗೆ ನಡೆದು ಬರುವಷ್ಟರಲ್ಲಿ ಎಷ್ಟೋ ಜನ ನಮಸ್ಕಾರ ಹಾಕುತ್ತಿದ್ದರು. ಅದರಲ್ಲಿ ಅರ್ಧ ಜನ ನಮಸ್ಕಾರದ ಜೊತೆಗೆ ನಾಲಿಗೆಯನ್ನೂ ಚಾಚಿ, "ಹೆಂಗೈತೆ ನೋಡಿ ಡಾಕ್ಟ್ರೇ" ಎಂದು ರಸ್ತೆಯಲ್ಲೇ ಪುಕ್ಕಟೆ ತಪಾಸಣೆ ಮುಗಿಸಿಕೊಳ್ಳುತ್ತಿದ್ದರು. ಮದುವೆ ಮನೆಗೆ ಹೋದರೆ ಮೊದಲ ಪಂಕ್ತಿಯಲ್ಲೇ ಅವರಿಗೆ ಎಲೆ ಹಾಕುತ್ತಿದ್ದರು. ಇಷ್ಟೆಲ್ಲ ಇದ್ದೂ ಮನುಷ್ಯನಿಗೆ ಸುಖ ಅನ್ನುವುದು ಇರಲಿಲ್ಲ. ಅದಕ್ಕೆ ಕಾರಣ ಅವರ ಮಗಳು ತನುಜಾ.

ತನುಜಾ ಎಂ.ಡಿ. ಮಾಡಿದವಳು, ಅದೂ ಇಂಗ್ಲಿಷ್ ಮದ್ದಿನ ಕಡೆ. ತರೀಕೆರೆಯಲ್ಲಿ ಮನೆ ಮಾಡಿಕೊಂಡು, ದಿನಾ ರೈಲಿನಲ್ಲಿ ಶಿವಮೊಗ್ಗೆಗೆ ಹೋಗಿ ಮೆಡಿಕಲ್ ಓದುವವರಿಗೆ ಪಾಠ ಹೇಳುತ್ತಿದ್ದಳು. ಯಾವ ಔಷಧಿ ನಿಜವಾಗಿ ಕೆಲಸ ಮಾಡುತ್ತದೆ, ಯಾವುದು ಸುಮ್ಮನೆ ಮಾಡಿದ ಹಾಗೆ ಕಾಣುತ್ತದೆ ಎಂದು ಲೆಕ್ಕ ಹಾಕಿ ನೋಡುವುದೇ ಅವಳ ವಿಷಯ. ಒಂದು ಭಾನುವಾರ ಅಪ್ಪನ ಮನೆಗೆ ಬಂದವಳು ಹಿತ್ತಿಲಲ್ಲಿ ನಿಂತು, ಜೊತೆಯಲ್ಲಿ ಕೆಲಸ ಮಾಡುವ ಯಾರ ಹತ್ತಿರವೋ ಫೋನಿನಲ್ಲಿ ಹರಟುತ್ತಿದ್ದಳು. ಆ ಕಡೆಯವರು ನಿಮ್ಮ ತಂದೆ ಏನು ಮಾಡುತ್ತಾರೆ ಎಂದು ಕೇಳಿರಬೇಕು. "ಅಪ್ಪಾಜಿದು ಅಜ್ಜಂಪುರದಲ್ಲಿ ಒಂದು ಅಂಗಡಿ ಇದೆ" ಅಂದುಬಿಟ್ಟಳು. ಬಚ್ಚಲಿನಿಂದ ಮುಖ ತೊಳೆದು ಬರುತ್ತಿದ್ದ ರಾಜಶೇಖರ್ ಟವೆಲ್ಲು ಹಿಡಿದುಕೊಂಡೇ ನಿಂತುಬಿಟ್ಟರು. ಮುಖದಿಂದ ನೀರು ತೊಟ್ಟಿಕ್ಕುತ್ತಿತ್ತು, ಒರೆಸಿಕೊಳ್ಳುವ ಖಬರಿರಲಿಲ್ಲ.

"ಅಂಗಡಿಯೇನಮ್ಮಾ ನಂದು?" ಎಂದು ಕೇಳಿದರು. "ಅಕ್ಕಿ ಬೇಳೆ ಮಾರ್ತೀನಾ?"

ತನುಜಾ ಬೆಚ್ಚಿ ತಿರುಗಿ ನೋಡಿದಳು. "ತಪ್ಪಾಯ್ತು ಅಪ್ಪಾಜಿ, ಹಾಗನ್ನಬಾರದಿತ್ತು" ಅಂದಳು. ಅಲ್ಲಿಗೇ ಬಿಟ್ಟಿದ್ದರೆ ಮಾತು ಮುಗಿದುಹೋಗುತ್ತಿತ್ತು. ಆದರೆ ಅವಳೂ ಆ ಅಪ್ಪನಿಗೇ ಹುಟ್ಟಿದವಳಲ್ಲವೇ, ಬಾಯಿ ಸುಮ್ಮನಿರಲಿಲ್ಲ. "ಆದ್ರೆ ಒಂದು ಕೇಳ್ತೀನಿ. ನಿಮ್ಮ ಹತ್ರ ಬಂದ ಯಾವ ರೋಗಿಗಾದ್ರೂ 'ನಂಗೆ ಗೊತ್ತಿಲ್ಲ' ಅಂತ ಒಂದು ಸಲ ಹೇಳಿದೀರಾ? ಮಂಡಿ ನೋವಿಗೂ ಗುಳಿಗೆ, ಮಗ ಪರೀಕ್ಷೇಲಿ ಫೇಲಾದ್ರೂ ಗುಳಿಗೆ. ಕೇಳಿದ್ದೆಲ್ಲ ಇದೆ ಅನ್ನೋರು ಅಂಗಡಿಯವರು ಅಪ್ಪಾಜಿ. ಡಾಕ್ಟರಾದೋರು ಒಂದೊಂದ್ಸಲ ಗೊತ್ತಿಲ್ಲ ಅಂತಾರೆ."

"ನೀನು ಚಿಕ್ಕೋಳಿದ್ದಾಗ ವರ್ಷವಿಡೀ ಮೂಗು ಸುರಿಸ್ಕೊಂಡು ಓಡಾಡ್ತಿದ್ದೆ. ಅದನ್ನ ನಿಲ್ಲಿಸಿದ್ದು ಯಾರು?"

"ನೆಗಡಿ ಅಲ್ವಾ, ತಾನಾಗೇ ನಿಂತಿತು."

ಅಷ್ಟು ಸಾಕಾಯಿತು. ರಾಜಶೇಖರ್ ಟವೆಲ್ಲನ್ನು ತಂತಿಯ ಮೇಲೆ ಎಸೆದರು. "ಹಂಗಾದ್ರೆ ಪರೀಕ್ಷೆ ಆಗ್ಲಿ! ನಿನ್ನ ಲೆಕ್ಕದಲ್ಲೇ ಆಗ್ಲಿ, ನಿನ್ನ ನೇಮದಲ್ಲೇ ಆಗ್ಲಿ. ನನ್ನ ಔಷಧಿ ಗೆದ್ರೆ ನೀನು ತುಂಬಿದ ಸಭೇಲಿ ನಿಂತು, ನಮ್ಮಪ್ಪ ಡಾಕ್ಟರ್ ಅಂತ ಹೇಳ್ಬೇಕು."

"ಹೇಳ್ತೀನಿ. ಸೋತ್ರೆ?"

"ಸೋತ್ರೆ ಬೋರ್ಡು ಕಿತ್ತಾಕಿ ಮನೇಲಿ ಕೂತ್ಕೋತೀನಿ."

ಅಡುಗೆಮನೆಯಿಂದ ಅವರ ಹೆಂಡತಿ ಕಮಲಾಕ್ಷಮ್ಮನ ದನಿ ಬಂತು. "ದಿನವೆಲ್ಲ ಮನೇಲೇ ಕೂತ್ಕೊಳ್ಳೋದಾದ್ರೆ ನನ್ನನ್ನೂ ಒಂದು ಮಾತು ಕೇಳ್ರೀ!"

ಹೀಗೆ ಶುರುವಾಯಿತು ಪರೀಕ್ಷೆ. ಆರಿಸಿಕೊಂಡ ರೋಗ ನೆಗಡಿ, ಔಷಧಿ ಆಲಿಯಂ ಸೀಪಾ. ಲ್ಯಾಟಿನ್ನಿನಲ್ಲಿ ಕೇಳಲು ಗಂಭೀರವಾಗಿದ್ದರೂ ಅದು ನಮ್ಮ ಈರುಳ್ಳಿಯೇ. ಈರುಳ್ಳಿ ಹೆಚ್ಚಿದರೆ ಕಣ್ಣು ಮೂಗು ಸುರಿಯುತ್ತವೆ, ಆದ್ದರಿಂದ ಕಣ್ಣು ಮೂಗು ಸುರಿಯುವವರಿಗೆ ಈರುಳ್ಳಿಯೇ ಮದ್ದು ಎನ್ನುವುದು ಹೋಮಿಯೋಪಥಿಯ ತತ್ವ. ಆದರೆ ಹಾಗೇ ಕೊಡುವಂತಿಲ್ಲ. ಅದರ ರಸವನ್ನು ತೆಳುಮಾಡಿ, ಆ ತೆಳುವನ್ನು ಮತ್ತೆ ತೆಳುಮಾಡಿ, ಹೀಗೇ ಮಾಡುತ್ತಾ ಹೋಗಿ, ಕೊನೆಗೆ ಈರುಳ್ಳಿ ಹೆಸರಿಗೂ ಉಳಿಯದ ಹಾಗೆ ಮಾಡಿ ಸಕ್ಕರೆ ಗುಳಿಗೆಯ ಮೇಲೆ ಹನಿಸಬೇಕು. "ಲಕ್ಕವಳ್ಳಿ ಡ್ಯಾಮಿಗೆ ಈರುಳ್ಳಿ ರಸ ಒಂದು ತೊಟ್ಟು ಹಾಕಿ ಕಲಕಿದ್ರೆ, ಆ ನೀರೇ ನಿಮ್ಮ ಔಷಧಿಗಿಂತ ಗಟ್ಟಿಯಾಗಿರುತ್ತೆ" ಎಂದು ತನುಜಾ ನಗುತ್ತಿದ್ದಳು. "ಪದಾರ್ಥ ಹೋಗುತ್ತೆ ಕಣಮ್ಮ, ಶಕ್ತಿ ಉಳಿಯುತ್ತೆ" ಎನ್ನುತ್ತಿದ್ದರು ಅಪ್ಪ. ಈ ಮಾತನ್ನು ಅವರು ಮೂವತ್ತು ವರ್ಷದಿಂದ ಹೇಳಿ ಹೇಳಿ, ಹೇಳುವಾಗ ಯೋಚನೆ ಮಾಡುವ ಅಗತ್ಯವೇ ಇಲ್ಲದ ಹಾಗೆ ಆಗಿತ್ತು.

ಈ ಸುದ್ದಿ ಕಡೂರಿನ ಡಾಕ್ಟರ್ ಉಗ್ರಪ್ಪನವರ ಕಿವಿಗೆ ಬಿತ್ತು. ಅವರು ಕಡೂರು ತರೀಕೆರೆ ಅಜ್ಜಂಪುರ ಹೋಮಿಯೋ ಹಿತಚಿಂತಕರ ಬಳಗದ ಅಧ್ಯಕ್ಷರು. ಬಳಗ ಹುಟ್ಟಿದಾಗಿನಿಂದ ಅವರೇ ಅಧ್ಯಕ್ಷರು, ಮತ್ತು ಬಳಗದ ಮುಖ್ಯ ಚಟುವಟಿಕೆಯೆಂದರೆ ಅವರಿಗೆ ಸನ್ಮಾನ ಮಾಡುವುದು. ಅಪ್ಪ ಮಗಳ ಜಗಳವನ್ನು ಅವರು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ 'ಐತಿಹಾಸಿಕ ಸಂಶೋಧನೆ' ಮಾಡಿಬಿಟ್ಟರು. ಔಷಧಿ ಇರುವ ಗುಳಿಗೆ, ಬರೀ ಸಕ್ಕರೆಯ ಗುಳಿಗೆ, ಎರಡನ್ನೂ ಬಳಗವೇ ತರಿಸಿತು. ನೇಮವೆಂದರೆ ಯಾವುದು ಯಾವುದೆಂದು ಕೊಡುವವರಿಗೂ ಗೊತ್ತಿರಬಾರದು, ತಗೊಳ್ಳುವವರಿಗೂ ಗೊತ್ತಿರಬಾರದು. ಆ ಗುಟ್ಟು ಉಗ್ರಪ್ಪನವರ ಹತ್ತಿರ ಮಾತ್ರ, ಅಂಟಿಸಿದ ಕವರಿನೊಳಗೆ ಇತ್ತು.

ಆದರೆ ಬಂದ ಭರಣಿಗಳಲ್ಲಿ ಒಂದಕ್ಕೆ ಕೆಂಪು ಮುಚ್ಚಳ, ಇನ್ನೊಂದಕ್ಕೆ ಬಿಳಿ ಮುಚ್ಚಳ. ರೋಗಿಗಳಿಗೆ ಕೊಡುವ ಚಿಕ್ಕ ಬಾಟ್ಲಿಗಳೂ ಹಾಗೇ, ಅರ್ಧ ಕೆಂಪು, ಅರ್ಧ ಬಿಳಿ. ತನುಜಾ ನೋಡಿ ತಲೆ ಚಚ್ಚಿಕೊಂಡಳು. "ಎರಡೂ ಒಂದೇ ಬಣ್ಣ ಇರ್ಬೇಕು ಅಂತ ಹೇಳಿದ್ದೆನಲ್ಲ ಸಾರ್!"

"ಹಂಚೋರಿಗೆ ಗೊಂದಲ ಆಗಬಾರದು ಅಂತ ಬಳಗ ಸಭೆ ಸೇರಿ ತೀರ್ಮಾನ ಮಾಡಿದೆ" ಅಂದರು ಉಗ್ರಪ್ಪ. "ಗುಟ್ಟು ನನ್ನ ಕವರಿನಲ್ಲಿ ಭದ್ರವಾಗಿದೆಯಲ್ಲಮ್ಮ. ಮುಚ್ಚಳಕ್ಕೇನು ಬಾಯಿದೆಯಾ, ಹೇಳೋಕೆ?"

ಬೇರೆ ತರಿಸೋಣವೆಂದರೆ ಅಷ್ಟರಲ್ಲಿ ಪರೀಕ್ಷೆಗೆ ಗೊತ್ತುಮಾಡಿದ್ದ ಊರಿನಲ್ಲಿ ಈರುಳ್ಳಿ ಕೀಳುವ ಕಾಲ ಮುಗಿಯುತ್ತಿತ್ತು, ಮೂಗುಗಳು ಒಣಗುತ್ತಿದ್ದವು. ತನುಜಾ ಹಲ್ಲು ಕಚ್ಚಿಕೊಂಡು ಒಪ್ಪಿದಳು. ಒಪ್ಪಬಾರದಿತ್ತು ಎಂದು ಆಮೇಲೆ ಅವಳೇ ಹೇಳಿಕೊಂಡಳು.

ಪರೀಕ್ಷೆಗೆ ಹಿಡಿದ ಊರು ಶಿವನಿಯಿಂದ ಆಚೆಗಿರುವ ಹೊಸಕಟ್ಟೆ. ಇಡೀ ಊರು ಈರುಳ್ಳಿಯದೇ. ಜಗಲಿಯ ಮೇಲೆ ಈರುಳ್ಳಿ, ಅಟ್ಟದ ಮೇಲೆ ಈರುಳ್ಳಿ, ಶಾಲೆಯ ಅಂಗಳದಲ್ಲೂ ಈರುಳ್ಳಿ. ಕೊಯ್ಲಿನ ಸಮಯದಲ್ಲಿ ಒಣಗಿದ ಸಿಪ್ಪೆಯ ಧೂಳು ಗಾಳಿಯಲ್ಲೇ ಹಾರಾಡುತ್ತಿರುವುದರಿಂದ ಮೂಗು ಸುರಿಯದವನನ್ನು ಹುಡುಕಬೇಕು. ಅಂಥ ಊರಿನ ದೇವಸ್ಥಾನದ ಕಟ್ಟೆಯ ಮೇಲೆ ನಿಂತು ರಾಜಶೇಖರ್, "ಔಷಧಿ ತಗೊಳ್ಳೋ ಅಷ್ಟು ದಿನ ಯಾರೂ ಈರುಳ್ಳಿ ಮುಟ್ಟಬಾರದು, ಔಷಧಿಯ ಗುಣ ಕೆಡುತ್ತೆ" ಎಂದು ಸಾರಿದರು.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದೆ ಕೂತಿದ್ದ ಲಕ್ಕಣ್ಣ ಎಂಬ ರೈತ ಎದ್ದು ನಿಂತ. "ಅಲ್ಲ ಡಾಕ್ಟ್ರೇ, ಔಷಧೀಲಿ ಏನೈತೆ ಅಂದ್ರಿ?"

"ಈರುಳ್ಳಿ."

"ಅದು ಕೆಡೋದು ಏನರಿಂದ?"

"ಈರುಳ್ಳಿಯಿಂದ."

"ಸರಿ ಬುಡಿ" ಎಂದು ಲಕ್ಕಣ್ಣ ಕೂತುಕೊಂಡ. ಓದಿದವರ ಜೊತೆ ಯಾಕೆ ವಾದ ಎನ್ನುವ ಹಾಗಿತ್ತು ಅವನ ಮುಖ. ಕೊನೆಗೆ ತಿನ್ನುವುದು ಬೇಡ, ಮುಟ್ಟಿದರೆ ಅಡ್ಡಿಯಿಲ್ಲ ಎಂದು ರಾಜಿಯಾಯಿತು.

ಗುಳಿಗೆ ಹಂಚುವ ಜವಾಬ್ದಾರಿಯನ್ನು ಕರಿಬಸಮ್ಮನಿಗೆ ಕೊಟ್ಟರು. ಆಕೆಯನ್ನು ಬಿಟ್ಟರೆ ಆ ಊರಲ್ಲಿ ಬೇರೆ ಯಾರನ್ನೂ ಜನ ನಂಬುತ್ತಿರಲಿಲ್ಲ. ಮಠದ ದಾಸೋಹದಲ್ಲಿ ವಯಸ್ಸೆಲ್ಲ ಬಡಿಸಿ ಬಂದ ಹೆಂಗಸು. ಎಷ್ಟು ದೊಡ್ಡ ಪಂಕ್ತಿಯಾದರೂ ಒಬ್ಬರ ಎಲೆಗೂ ಹೆಚ್ಚು ಬೀಳಬಾರದು, ಒಬ್ಬರ ಎಲೆಗೂ ಕಡಿಮೆಯಾಗಬಾರದು, ಅದು ಆಕೆಯ ಕೈಯ ಹದ. ಎರಡೂ ಭರಣಿ ಆಕೆಯ ಮನೆಯಲ್ಲಿರುವುದು, ವಾರಕ್ಕೊಮ್ಮೆ ಜನ ತಮ್ಮ ಬಾಟ್ಲಿ ತಂದು, ಕೆಂಪಿನವರು ಕೆಂಪು ಭರಣಿಯಿಂದ, ಬಿಳಿಯವರು ಬಿಳಿ ಭರಣಿಯಿಂದ ತುಂಬಿಸಿಕೊಂಡು ಹೋಗುವುದು ಎಂದಾಯಿತು. ತನುಜಾ ಚೀಟಿ ಎತ್ತಿಸಿ ಚಿಕ್ಕ ಖಾಲಿ ಬಾಟ್ಲಿಗಳನ್ನು ಹಂಚಿದಳು. ಅರ್ಧ ಜನಕ್ಕೆ ಔಷಧಿ, ಅರ್ಧ ಜನಕ್ಕೆ ಬರೀ ಸಕ್ಕರೆ, ಯಾರಿಗೆ ಯಾವುದೆಂದು ನಮಗೂ ಗೊತ್ತಿಲ್ಲ ಎಂದು ಬಿಡಿಸಿ ಹೇಳಿ, ಒಪ್ಪಿಗೆಯ ಸಹಿ ಹಾಕಿಸಿಕೊಂಡಳು.

ಹೊಸಕಟ್ಟೆಯ ಜನಕ್ಕೆ ಮಾತ್ರ ಆ ಗಳಿಗೆಯಲ್ಲೇ ಎಲ್ಲ ಗೊತ್ತಾಗಿಹೋಯಿತು. ಕೆಂಪು ಮುಚ್ಚಳದ್ದೇ ಔಷಧಿ. ಈರುಳ್ಳಿಯ ಬಣ್ಣವೇ ಕೆಂಪು, ಇನ್ನು ಕೇಳುವುದೇನಿದೆ? ಕೆಂಪು ಸಿಕ್ಕಿದವರು ಎದೆ ಸೆಟೆಸಿಕೊಂಡು ಮನೆಗೆ ಹೋದರು. ಬಿಳಿ ಸಿಕ್ಕಿದವರು ಗೊಣಗಿಕೊಂಡು ಹೋದರು. ಅಪ್ಪ ಮಗಳಿಬ್ಬರೂ ಅಷ್ಟರಲ್ಲಿ ಅಜ್ಜಂಪುರದ ದಾರಿ ಹಿಡಿದಿದ್ದರಿಂದ ಅವರಿಗೆ ಇದೊಂದೂ ತಿಳಿಯಲಿಲ್ಲ.

ಕೊಯ್ಲು ಮುಗಿಯುವ ತನಕ ರಾಜಶೇಖರ್ ತಪ್ಪದೆ ಹೊಸಕಟ್ಟೆಗೆ ಹೋಗಿ ಬಂದರು. ಮೂಗು ನೋಡಿದರು, ಸೀನು ಕೇಳಿದರು, ರೋಗಿಗಳು ಹೇಳಿದ್ದನ್ನೆಲ್ಲ ಬರೆಸಿ ತನುಜಾಗೆ ಕಳಿಸಿದರು. ಎಲ್ಲರಿಗೂ ಒಂದಿಷ್ಟು ಗುಣ ಕಾಣುತ್ತಿತ್ತು, ಆದರೆ ಕೆಂಪು ಬಾಟ್ಲಿಯವರ ಗುಣವೇ ಬೇರೆ. "ಮೂಗು ಅನ್ನೋದು ಐತೋ ಇಲ್ವೋ ಅನ್ನಂಗಾಗೈತೆ ಡಾಕ್ಟ್ರೇ" ಎನ್ನುತ್ತಿದ್ದ ಲಕ್ಕಣ್ಣ, ಕೆಂಪು ಬಾಟ್ಲಿಯನ್ನು ಜೇಬಿನಿಂದ ತೆಗೆದು ಎಲ್ಲರಿಗೂ ಕಾಣುವ ಹಾಗೆ ಹಿಡಿದು. ಬಿಳಿಯವರು, "ಅಂಥದ್ದೇನಿಲ್ಲ ಬುಡಿ, ಒಸಿ ವಾಸಿ" ಅನ್ನುತ್ತಿದ್ದರು. ರಾಜಶೇಖರ್ ಅವರಿಗೆ ಒಳಗೊಳಗೇ ಖುಷಿ ಉಕ್ಕುತ್ತಿತ್ತು. ಕೆಂಪೇ ಔಷಧಿಯಾಗಿರಲಿ ದೇವರೇ ಎಂದು ಬಸ್ಸಿನಲ್ಲಿ ಕೂತು ಬೇಡಿಕೊಳ್ಳುತ್ತಿದ್ದರು.

ತರೀಕೆರೆಯಲ್ಲಿ ತನುಜಾಳ ಮನೆಯಲ್ಲಿ ಕವರು ಒಡೆದರು. ಲೆಕ್ಕವೆಲ್ಲ ಮುಗಿಸಿ ತನುಜಾ ಮೊದಲೇ ಹೇಳಿದ್ದಳು, ಒಂದು ಗುಂಪು ಇನ್ನೊಂದಕ್ಕಿಂತ ಸ್ಪಷ್ಟವಾಗಿ ಮೇಲಿದೆ ಎಂದು. ಉಗ್ರಪ್ಪನವರು ಕನ್ನಡಕ ಏರಿಸಿಕೊಂಡು ಓದಿದರು. ಕೆಂಪು ಮುಚ್ಚಳವೇ ಔಷಧಿ.

ತನುಜಾ ಕಂಪ್ಯೂಟರಿನ ಕಡೆಗೆ ತಿರುಗಿದಳು. ಲೆಕ್ಕವನ್ನು ಇನ್ನೊಂದು ಸಲ ಹಾಕಿದಳು. ಆಮೇಲೆ ಕುರ್ಚಿ ತಿರುಗಿಸಿ, "ಅಪ್ಪಾಜಿ, ನೀವು ಗೆದ್ರಿ" ಅಂದಳು. ದನಿಯಲ್ಲಿ ಕೊಂಕಿರಲಿಲ್ಲ. "ನಂಗೆ ಇದು ಅರ್ಥವಾಗ್ತಿಲ್ಲ. ಆದ್ರೆ ಅರ್ಥವಾಗಲ್ಲ ಅಂತ ಸುಳ್ಳು ಅನ್ನೋಕಾಗಲ್ಲವಲ್ಲ. ಕಡೂರಿನಲ್ಲಿ ಬಳಗದೋರು ಸೇರಿಸೋ ಸಭೇಲಿ ನಾನೇ ಹೇಳ್ತೀನಿ. ನನ್ನ ಹೆಸರು ಹಾಕಿ ಬರೆದು ಪತ್ರಿಕೆಗೂ ಕಳಿಸ್ತೀನಿ."

ರಾಜಶೇಖರ್ ಅಜ್ಜಂಪುರಕ್ಕೆ ಬಂದವರು ಮಾರನೆಯ ದಿನವೇ ಕ್ಲಿನಿಕ್ಕಿನ ಬೋರ್ಡಿಗೆ ಹೊಸದಾಗಿ ಬಣ್ಣ ಹೊಡೆಸಿದರು.

ಸಭೆಗೆ ಹಿಂದಿನ ದಿನ ಸಂಜೆ ಕರಿಬಸಮ್ಮ ಅಜ್ಜಂಪುರದ ಕ್ಲಿನಿಕ್ಕಿಗೆ ಬಂದಳು. ಖಾಲಿ ಭರಣಿ ಎರಡನ್ನೂ ತೊಳೆದು ಒಣಗಿಸಿ ಚೀಲದಲ್ಲಿ ತಂದಿದ್ದಳು. "ಹೆಂಗೋ ನಿಮ್ಮ ಕೆಲಸ ಹೂವೆತ್ತಿದಂಗೆ ಆಯ್ತಲ್ಲ ಡಾಕ್ಟ್ರೇ" ಎಂದು ಬೆಂಚಿನ ಮೇಲೆ ಕೂತು ಸೆರಗಿನಲ್ಲಿ ಗಾಳಿ ಹಾಕಿಕೊಂಡಳು. "ನಂಗೆ ಒಂದೇ ಭಯ ಇತ್ತು. ಶಿವನ ದಯ, ಪಂಕ್ತಿಭೇದ ಮಾಡಿದ ಪಾಪ ನಮಗ್ಯಾರಿಗೂ ತಟ್ಟಲಿಲ್ಲ."

"ಯಾವ ಪಂಕ್ತಿಭೇದ?"

"ಅದೇ, ಅರ್ಧ ಜನಕ್ಕೆ ಮದ್ದು, ಅರ್ಧ ಜನಕ್ಕೆ ಬರೀ ಸಕ್ರೆ ಅಂದ್ರಲ್ಲ. ಒಂದೇ ಪಂಕ್ತೀಲಿ ಕೂತೋರಿಗೆ ಒಬ್ಬನ ಎಲೆಗೆ ಪಾಯಸ, ಪಕ್ಕದೋನ ಎಲೆಗೆ ನೀರು ಬಡಿಸ್ತಾರಾ? ಮಠದಲ್ಲಿ ಹಂಗೆ ಮಾಡಿದ್ರೆ ಸೌಟು ಕಿತ್ಕೊಂಡು ಆಚೆಗೆ ಕಳಿಸ್ತಿದ್ರು. ಅವತ್ತು ನೀವು ಹೋದ ಮ್ಯಾಕೆ ಊರಲ್ಲಿ ಏನು ರಂಪ ಅಂತೀರಿ! ಒಂದೇ ಮನೆ ವಾರಗಿತ್ತಿಯರು, ಒಬ್ಬಳಿಗೆ ಕೆಂಪು ಒಬ್ಬಳಿಗೆ ಬಿಳಿ ಅಂತ ಮಾತು ಬಿಟ್ರು. ನಂಗೆ ಮನಸ್ಸು ತಡೀಲಿಲ್ಲ. ಬಾಗಿಲು ಹಾಕ್ಕೊಂಡು, ಎರಡು ಭರಣಿನೂ ಪರಾತಕ್ಕೆ ಸುರಿದು, ಶಿವಾ ಶಿವಾ ಅಂತ ಚೆನ್ನಾಗಿ ಕಲಸಿ, ಸಮಪಾಲು ಮಾಡಿ ಮತ್ತೆ ತುಂಬಿಸಿಟ್ಟೆ."

ರಾಜಶೇಖರ್ ಕುರ್ಚಿಯ ತುದಿಗೆ ಬಂದಿದ್ದರು. "ಯಾವಾಗ?"

"ಒಂದು ಕಾಳು ಯಾರ ಬಾಯಿಗೂ ಬೀಳೋಕೆ ಮುಂಚೇನೇ. ಹಂಚೋಕೆ ಶುರು ಮಾಡಿದ್ದೇ ಕಲಸಿದ ಮ್ಯಾಲೆ."

"ಕೈಲಿ ಕಲಸಿದ್ರಾ?"

"ಮತ್ತಿನ್ನೇನು? ಈರುಳ್ಳಿ ಸುಲೀತಿದ್ದೆ, ಅಲ್ಲಿಂದೆದ್ದು ಹಂಗೇ ಕಲಸಿದೆ. ಯಾರಿಗೂ ಹೇಳಿಲ್ಲ ಕಣ್ರೀ. ಹೇಳಿದ್ರೆ ಕೆಂಪಿನೋರು, ನಮ್ಮ ಮದ್ದು ಅವರಿಗ್ಯಾಕೆ ಹಂಚಿದೆ ಅಂತ ಜಗಳಕ್ಕೆ ಬರ್ತಿದ್ರು. ನಿಮಗೆ ಮಾತ್ರ ಹೇಳ್ತಿದೀನಿ."

ಇಷ್ಟು ಹೇಳಿ, ತಾನೊಂದು ಪುಣ್ಯದ ಕೆಲಸ ಮಾಡಿದ ನಿರಾಳದಲ್ಲಿ ಆಕೆ ಶಿವನಿಯ ಬಸ್ಸಿಗೆ ಹೊರಟಳು. ರಾಜಶೇಖರ್ ಎರಡು ಭರಣಿಗಳನ್ನು ಮೇಜಿನ ಮೇಲಿಟ್ಟುಕೊಂಡು ಕೂತರು. ಮೊದಲು ಅವರ ತಲೆಗೆ ಹೊಳೆದದ್ದು ಮೂವತ್ತು ವರ್ಷದ ಅಭ್ಯಾಸದ ಮಾತೇ. ಔಷಧಿಯ ಗುಳಿಗೆ ಸಕ್ಕರೆಯ ಗುಳಿಗೆಗೆ ತಾಗಿತು, ಸಕ್ಕರೆಗೂ ಶಕ್ತಿ ಹರಿಯಿತು, ಎಲ್ಲವೂ ಔಷಧಿಯಾಯಿತು! ಒಂದು ಕ್ಷಣ ಜೀವ ಬಂದ ಹಾಗಾಯಿತು. ಆದರೆ ಹಾಗಿದ್ದರೆ ಕೆಂಪಿನವರೂ ಬಿಳಿಯವರೂ ಒಂದೇ ಸಮ ಗುಣವಾಗಬೇಕಿತ್ತಲ್ಲ? ಎರಡು ಬಾಟ್ಲಿಯಲ್ಲೂ ಇದ್ದದ್ದು ಅದೇ ಪರಾತದ ಗುಳಿಗೆ. ವ್ಯತ್ಯಾಸ ಇದ್ದದ್ದು ಮುಚ್ಚಳದಲ್ಲಿ. ಅಂದರೆ ತನುಜಾಳ ಕಂಪ್ಯೂಟರಿನಲ್ಲಿ ಗೆದ್ದು ಕೂತಿರುವುದು ಆಲಿಯಂ ಸೀಪಾ ಅಲ್ಲ, ಈ ಕೆಂಪು ಪ್ಲಾಸ್ಟಿಕ್ಕು. ಅವರು ಭರಣಿಯ ಮುಚ್ಚಳವನ್ನು ತೆಗೆದು ನೋಡಿದರು. ಅಗ್ಗದ ಮುಚ್ಚಳ, ಅಂಚು ಸೀಳಿತ್ತು.

ಅವರಿಗೆ ಅಳು ಬಂತು. ಔಷಧಿ ಸೋತಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಅದು ಗೆಲ್ಲಲೂ ಇಲ್ಲ, ಸೋಲಲೂ ಇಲ್ಲ, ಪರೀಕ್ಷೆಗೇ ಕೂರಲಿಲ್ಲ. ಆದರೆ ಮಗಳ ಬಾಯಿಂದ ಕೇಳಬೇಕೆಂದು ವರ್ಷಗಟ್ಟಲೆ ಕಾದಿದ್ದ ಮಾತು ನಾಳೆ ಬರುವುದಿತ್ತು. ಸುಮ್ಮನಿದ್ದರೆ ಯಾರಿಗೆ ಗೊತ್ತಾಗುತ್ತದೆ? ಕರಿಬಸಮ್ಮ ಬಾಯಿ ಬಿಡುವವಳಲ್ಲ. ತನುಜಾ ನಾಲ್ಕು ಜನರ ಮುಂದೆ ನಮ್ಮಪ್ಪ ಡಾಕ್ಟರ್ ಅನ್ನುತ್ತಾಳೆ. ಆಮೇಲೆ ಮನೆಗೆ ಹೋಗಿ, ಸುಳ್ಳು ಎಂದು ಗೊತ್ತಿಲ್ಲದ ಸುಳ್ಳಿನ ಕೆಳಗೆ ತನ್ನ ಹೆಸರು ಬರೆಯುತ್ತಾಳೆ. ಅಲ್ಲಿಗೆ ಬಂದ ಕೂಡಲೇ ಅವರ ಯೋಚನೆ ಮುಂದೆ ಹೋಗಲೊಲ್ಲದು. ಊಟಕ್ಕೆ ಕೂತರೂ ಅನ್ನ ಇಳಿಯಲಿಲ್ಲ.

"ಯಾಕ್ರೀ, ನಾಳೆ ಹಾರ ಹಾಕ್ಕೊಳ್ಳೋಕೆ ಇವತ್ತಿಂದಾನೇ ಉಪವಾಸಾನಾ?" ಅಂದಳು ಕಮಲಾಕ್ಷಮ್ಮ. ಅವರು ಮೊಸರಿಗೆ ಕೈ ಹಾಕದೆ ಎದ್ದುಬಿಟ್ಟರು.

ಕಡೂರಿನ ಕಲ್ಯಾಣ ಮಂಟಪ ತುಂಬಿತ್ತು. ಬ್ಯಾನರಿನಲ್ಲಿ ಉಗ್ರಪ್ಪನವರ ಫೋಟೋ ದೊಡ್ಡದಾಗಿಯೂ ರಾಜಶೇಖರ್ ಅವರ ಫೋಟೋ ಮೂಲೆಯಲ್ಲೂ ಇತ್ತು. ಹೊಸಕಟ್ಟೆಯ ಜನ ಟ್ರ್ಯಾಕ್ಟರಿನಲ್ಲಿ ಬಂದಿದ್ದರು. ಹೂವಿನ ಹಾರ ಬೇಡವೆಂದು, ತಾವೇ ಬೆಳೆದ ಒಳ್ಳೆಯ ಗಡ್ಡೆ ಆರಿಸಿ ಈರುಳ್ಳಿಯ ಹಾರ ಪೋಣಿಸಿ ತಂದಿದ್ದರು. ಲಕ್ಕಣ್ಣ ಅದನ್ನು ಡಾಕ್ಟರ ಕೊರಳಿಗೆ ಹಾಕಿದಾಗ ಅವರ ತಲೆ ಮುಂದಕ್ಕೆ ಬಾಗಿತು, ಜನ ಅದನ್ನು ವಿನಯವೆಂದು ತಿಳಿದರು. ಈರುಳ್ಳಿಯ ಘಾಟಿಗೆ ಕಣ್ಣಲ್ಲಿ ನೀರು ಬಂತು, ಅದನ್ನು ಆನಂದವೆಂದು ತಿಳಿದರು.

ಉಗ್ರಪ್ಪನವರು ಮಾತಿಗೆ ನಿಂತರು. ಇಡೀ ಜಗತ್ತು ಇಂದು ಕಡೂರಿನತ್ತ ನೋಡುತ್ತಿದೆ ಎಂದರು. ಇಡೀ ಜಗತ್ತೆಂದರೆ ಒಬ್ಬ ಫೋಟೋಗ್ರಾಫರು, ಅವನೂ ಊಟದ ಮನೆಯತ್ತ ನೋಡುತ್ತಿದ್ದ. ಆಮೇಲೆ ತನುಜಾಳ ಹೆಸರು ಕರೆದರು. ಅವಳು ಎದ್ದು ಸೀರೆಯ ನೆರಿಗೆ ಸರಿಮಾಡಿಕೊಂಡು ಮೈಕಿನ ಕಡೆಗೆ ನಡೆದಳು. ರಾಜಶೇಖರ್ ಅವಳ ಮುಖ ನೋಡಿದರು. ಕೊಟ್ಟ ಮಾತು ಉಳಿಸಿಕೊಳ್ಳಲು ಹೊರಟವಳ ಮುಖ ಅದು, ಸ್ವಲ್ಪ ಹೆದರಿತ್ತು, ಆದರೆ ನೆಟ್ಟಗಿತ್ತು. ಅವಳು ಬಾಯಿ ತೆರೆಯುವ ಮುಂಚೆ ಅವರು ಎದ್ದುಹೋಗಿ ಮೈಕಿಗೆ ಕೈ ಹಾಕಿದರು.

"ನೀನು ಹೇಳಬೇಡಮ್ಮ. ಮೊದ್ಲು ನಾನು ಹೇಳ್ತೀನಿ."

ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಗುಳಿಗೆಗಳು ಮೊದಲ ದಿನವೇ ಬೆರಕೆಯಾದವು, ಎರಡು ಬಾಟ್ಲಿಯಲ್ಲೂ ಇದ್ದದ್ದು ಒಂದೇ, ಈ ಪರೀಕ್ಷೆಯಿಂದ ನನ್ನ ಔಷಧಿ ಕೆಲಸ ಮಾಡುತ್ತದೆಂದೂ ಗೊತ್ತಾಗಿಲ್ಲ, ಮಾಡುವುದಿಲ್ಲವೆಂದೂ ಗೊತ್ತಾಗಿಲ್ಲ, ಮುಚ್ಚಳದ ಬಣ್ಣ ಕೆಲಸ ಮಾಡುತ್ತದೆಂದು ಮಾತ್ರ ಗೊತ್ತಾಗಿದೆ ಎಂದರು. ಬೆರೆಸಿದವರು ಯಾರೆಂದು ಹೇಳಲಿಲ್ಲ. ಆದರೆ ಕರಿಬಸಮ್ಮ ತಾನೇ ಎದ್ದು, "ನಾನೇ ಬೆರೆಸಿದ್ದು, ಪಂಕ್ತಿಭೇದ ನನ್ನ ಕೈಲಾಗಲ್ಲ" ಎಂದು ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

 ಇನ್ನೇನು ಕಲ್ಲು ಬೀಳುತ್ತದೆ ಎಂದು ರಾಜಶೇಖರ್ ಕಾದರು. ಆದರೆ ಉಗ್ರಪ್ಪನವರು ಅಷ್ಟು ಸುಲಭಕ್ಕೆ ಸಾಯುವ ಕುಳವಲ್ಲ. ಮೈಕು ಕಿತ್ತುಕೊಂಡು, "ನೋಡಿದಿರಾ ಮಹಾಶಯರೇ!" ಎಂದು ಗುಡುಗಿದರು. "ನಮ್ಮ ಔಷಧಿಯ ಗುಳಿಗೆ ಸೋಕಿದ್ದಕ್ಕೆ ಬರೀ ಸಕ್ಕರೆಗೂ ಶಕ್ತಿ ಹರಿದಿದೆ! ಸಕ್ಕರೆಯೂ ಔಷಧಿಯಾಗಿದೆ! ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?"

ಚಪ್ಪಾಳೆ ಮಂಟಪದ ಛಾವಣಿಗೆ ತಾಗಿತು. ಹಿಂದಿನ ದಿನ ಸಂಜೆ ತಾವೇ ತಮಗೆ ಹೇಳಿಕೊಂಡ ಮಾತು ಇನ್ನೊಬ್ಬರ ಬಾಯಲ್ಲಿ ಕೇಳಿ ರಾಜಶೇಖರ್ ಅವರಿಗೆ ನಾಚಿಕೆಯಾಯಿತು. ತನುಜಾ ಕೂಗಿ ಕೇಳಿದಳು, "ಹಾಗಾದ್ರೆ ಕೆಂಪಿನೋರಿಗೆ ಮಾತ್ರ ಯಾಕೆ ಹೆಚ್ಚು 'ಗುಣ' ಆಯ್ತು ಸಾರ್?"

ಉತ್ತರ ಕೊಟ್ಟವನು ಲಕ್ಕಣ್ಣ. "ಕೆಂಪು ಜೋರು ಕಣವ್ವ! ಊರಿಗೇ ಗೊತ್ತಿತ್ತಲ್ಲ!"

ಉಗ್ರಪ್ಪನವರು ಅದನ್ನೂ ಬಿಡಲಿಲ್ಲ. ಇನ್ನು ಮುಂದೆ ಮೂರು ತಾಲ್ಲೂಕಿನಲ್ಲೂ ಎಲ್ಲ ಔಷಧಿಯನ್ನೂ ಕೆಂಪು ಮುಚ್ಚಳದಲ್ಲೇ ಕೊಡತಕ್ಕದ್ದು ಎಂದು ಬಳಗ ಅಲ್ಲೇ ಠರಾವು ಮಾಡಿತು. ರಾಜಶೇಖರ್ ಅವರಿಗೆ ಹೊದಿಸಬೇಕಿದ್ದ ಶಾಲನ್ನು ಉಗ್ರಪ್ಪನವರಿಗೆ ಹೊದಿಸಿದರು. ಜನ ಊಟಕ್ಕೆ ನುಗ್ಗಿದರು.

ವಾಪಸು ಬರುವಾಗ ಕಾರು ಓಡಿಸುತ್ತಿದ್ದವಳು ತನುಜಾ, ಪಕ್ಕದಲ್ಲಿ ಅಪ್ಪ. ಹಿಂದಿನ ಸೀಟಿನಲ್ಲಿ ಕಮಲಾಕ್ಷಮ್ಮ ಈರುಳ್ಳಿಯ ಹಾರವನ್ನು ಮಡಿಲಲ್ಲಿಟ್ಟುಕೊಂಡು, "ಒಂದು ತಿಂಗಳ ಸಾರಿಗಾಯ್ತು ಬಿಡಿ" ಎಂದಳು.  ಬೀರೂರು ದಾಟುವಷ್ಟರಲ್ಲಿ ಹಾರದ ಘಾಟು ಕಾರಿನ ತುಂಬಾ ಹರಡಿ, ತನುಜಾ ಒಂದರ ಹಿಂದೆ ಒಂದು ಸೀನತೊಡಗಿದಳು. ಕೊನೆಗೆ ಗಾಡಿಯನ್ನು ರಸ್ತೆಯ ಪಕ್ಕಕ್ಕೆ ಹಾಕಿ, ಮೂಗು ಒರೆಸಿಕೊಂಡು, "ಏನಾದ್ರೂ ಇದೆಯಾ ನಿಮ್ಮ ಹತ್ರ?" ಎಂದು ಕೇಳಿದಳು.

ರಾಜಶೇಖರ್ ಅವರ ಕೈ ಅಭ್ಯಾಸದಿಂದ ಜುಬ್ಬದ ಜೇಬಿಗೆ ಹೋಯಿತು. ಬಾಟ್ಲಿ ಅಲ್ಲೇ ಇತ್ತು. ಅದನ್ನು ಹೊರಗೆ ತೆಗೆದು, ಅಂಗೈಯಲ್ಲಿಟ್ಟುಕೊಂಡು ನೋಡುತ್ತಾ ಕೂತರು.

"ಇದೆ" ಅಂದರು. "ಆದ್ರೆ ಇದರಿಂದ ನಿಲ್ಲುತ್ತೋ ಇಲ್ವೋ, ನಂಗೆ ಗೊತ್ತಿಲ್ಲ ಕಣಮ್ಮ."

ತನುಜಾ ಅವರನ್ನೇ ನೋಡಿದಳು. ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ಅಂದು ಹಿತ್ತಿಲಲ್ಲಿ ಮಾತಾಡಿದ್ದ ಅದೇ ಜೊತೆ ಕೆಲಸದವರು, ಸಭೆ ಏನಾಯಿತೆಂದು ಕೇಳಲು.

"ಎಲ್ಲಾ ಹಾಳಾಯ್ತು" ಅಂದಳು ತನುಜಾ, ಇನ್ನೊಂದು ಸೀನನ್ನು ತಡೆದುಕೊಳ್ಳುತ್ತಾ. "ಗುಳಿಗೆಗಳೆಲ್ಲ ಬೆರಕೆ ಆಗಿದ್ವು, ಟ್ರಯಲ್ಲೇ ಲೆಕ್ಕಕ್ಕಿಲ್ಲ. ಇಲ್ಲ, ನಾನು ಕಂಡುಹಿಡಿದಿದ್ದಲ್ಲ. ಅಲ್ಲಿನ ಡಾಕ್ಟರೇ ಎದ್ದು ನಿಂತು ಹೇಳಿದ್ರು. ಹೌದು, ಹೋಮಿಯೋಪಥಿ ಡಾಕ್ಟರು, ಅಜ್ಜಂಪುರದೋರು." ಅವಳು ಎಡಗೈಯನ್ನು ಅಪ್ಪನ ಮುಂದೆ ಗುಳಿಗೆಗಾಗಿ ಚಾಚಿದಳು. "ನಮ್ಮಪ್ಪ."